ಬಿಟ್ಟ ಜಾಗ

ಹೋದ ವರ್ಷ ದೀಪಾವಳಿಯ ಹೊತ್ತಿಗೆ ನಮ್ಮ ಆಫೀಸಿನ ಗೆಳೆಯರೊಬ್ಬರು ಮನೆ ಹುಡುಕುತ್ತಿದ್ದರು. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ನಾಲ್ಕಾರು ಬಿಲ್ಡರುಗಳ ಬ್ರೋಷರು ಹರಡಿಕೊಂಡು ಕೂತಿದ್ದವರು, ಒಂದನ್ನು ನನ್ನ ಕಡೆ ತಳ್ಳಿ, "ಇದರ ಚಿತ್ರ ನೋಡಿ, ನಿಮಗೆ ಇಷ್ಟವಾಗುತ್ತದೆ" ಎಂದರು. ಇಷ್ಟವಾಗಲೇಬೇಕಿತ್ತು. ಅದು ನಾನೇ ಬರೆದ ಚಿತ್ರ.

ಠಾಣೆ ಖಾಡಿಯ ಒಂದು ಬೆಳಗು. ಎಡಕ್ಕೆ ಕಾಂಡ್ಲಾ ಕಾಡಿನ ಹಸಿರು, ನಡುವೆ ಹೊಳೆಯುವ ನೀರು, ಆಚೆ ತಿಳಿಗುಲಾಬಿಯ ಒಂದು ಗೆರೆಯಾಗಿ ಫ್ಲೆಮಿಂಗೊಗಳ ಸಾಲು, ಎಲ್ಲದರ ಮೇಲೆ ತೆಳು ಮಂಜು. ಕೆಳಗೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಎರಡು ಮತ್ತು ಮೂರು ಬಿಎಚ್‌ಕೆ ಮನೆಗಳ ವಿವರ. ಪ್ರತಿ ಕಿಟಕಿಯಿಂದಲೂ ಪ್ರಕೃತಿ ಕಾಣುವುದೆಂಬ ಭರವಸೆ.

ಇದರಲ್ಲಿ ಮೋಸ ಏನೂ ಇರಲಿಲ್ಲ. ಅದಕ್ಕೆ ಎರಡು ವರ್ಷ ಹಿಂದೆ ನಮ್ಮ ಭಾನುವಾರದ ಚಿತ್ರಕಾರರ ಗುಂಪು ಠಾಣೆಯಲ್ಲಿ ಒಂದು ಸಣ್ಣ ಪ್ರದರ್ಶನ ಇಟ್ಟಿತ್ತು. ಕಾಂಡ್ಲಾ ಕಾಡನ್ನು ಉಳಿಸಬೇಕೆಂಬುದೇ ಅದರ ಆಶಯ. ಯಾರೋ ಒಬ್ಬರು ನನ್ನ ಚಿತ್ರವನ್ನು ಒಳ್ಳೆಯ ಬೆಲೆಗೆ ಕೊಂಡರು, ಅಚ್ಚು ಹಾಕಿಸುವ ಹಕ್ಕೂ ಸೇರಿದ ಒಂದು ಕಾಗದಕ್ಕೆ ಸಹಿ ಕೇಳಿದರು. ಜೀವನದಲ್ಲಿ ಮೊದಲ ಬಾರಿ ಚಿತ್ರವೊಂದು ಮಾರಾಟವಾದ ಖುಷಿಯಲ್ಲಿ ಓದದೇ ಸಹಿ ಹಾಕಿದೆ. ಆ ದುಡ್ಡಲ್ಲಿ ಹೊಸ ಕುಂಚ ಬಂತು, ಊರಿಗೆ ಹೋಗುವ ಟಿಕೆಟ್ಟೂ ಬಂತು.

ಹಾಗಾಗಿ ಬಿಲ್ಡರನ ಮೇಲೆ ಸಿಟ್ಟು ಮಾಡಿಕೊಳ್ಳುವ ಅಧಿಕಾರ ನನಗಿಲ್ಲ. ನನ್ನನ್ನು ಕಾಡಿದ್ದು ಬೇರೆ. "ಇದನ್ನು ಉಳಿಸಿ" ಎಂಬ ಚೀಟಿಯ ಕೆಳಗೆ ತೂಗಿದ್ದ ಚಿತ್ರ, ಒಂದು ಗೆರೆಯೂ ಬದಲಾಗದೆ "ಇದನ್ನು ಕೊಳ್ಳಿ" ಎಂದು ಹೇಳುತ್ತಿತ್ತು. ಅಷ್ಟು ಸುಲಭವಾಗಿ ಪಕ್ಷ ಬದಲಿಸುವ ಚಿತ್ರದಲ್ಲಿ ನನ್ನ ಕಾಳಜಿ ಎಲ್ಲಿತ್ತು? ಅಥವಾ ಇತ್ತೇ?

ನಾನು ಡೊಂಬಿವಿಲಿಯಲ್ಲಿರುವವ. ಕೆಲಸ ಐರೋಲಿಯಲ್ಲಿ. ಬೆಳಗಿನ ಲೋಕಲ್ಲಿನಲ್ಲಿ ಠಾಣೆಗೆ, ಅಲ್ಲಿಂದ ಟ್ರಾನ್ಸ್‌ಹಾರ್ಬರ್ ಗಾಡಿ ಹಿಡಿದು ಐರೋಲಿಗೆ. ಈ ದಾರಿಯಲ್ಲಿ ಓಡಾಡುವವರಿಗೆ ಗೊತ್ತು: ಡೊಂಬಿವಿಲಿ ಬಿಟ್ಟ ಮೇಲೆ ಅಲ್ಲಲ್ಲಿ ಕಾಂಡ್ಲಾ ಪೊದೆ, ಮುಂಬ್ರಾ ಬರುವಷ್ಟರಲ್ಲಿ ಒಂದು ಕಡೆ ಖಾಡಿ, ಇನ್ನೊಂದು ಕಡೆ ಪಾರ್ಸಿಕ್ ಗುಡ್ಡ. ಬಾಗಿಲಲ್ಲಿ ನೇತಾಡುತ್ತಿರುವವನಿಗೂ ಎರಡು ನಿಮಿಷ ಕಣ್ಣು ತಂಪಾಗುತ್ತದೆ. ನನಗೆ ಆ ಎರಡು ನಿಮಿಷ ಊರಿನದು. ನನ್ನ ಊರು ಕುಮಟಾ ಸೀಮೆಯ ಅಘನಾಶಿನಿ ಅಳಿವೆಯ ಹತ್ತಿರ. ಅದೇ ಉಪ್ಪು ಕೆಸರಿನ ವಾಸನೆ, ಕೆಸರಿನಿಂದ ಮೇಲೆದ್ದ ಬೆರಳುಗಳಂಥ ಅದೇ ಉಸಿರು ಬೇರುಗಳು. ಭಾನುವಾರ ಬಣ್ಣದ ಪೆಟ್ಟಿಗೆ ಹಿಡಿದು ಖಾಡಿಯ ದಂಡೆಗೆ ಹೋಗುವುದಕ್ಕೆ ನಾನು ಕೊಡುತ್ತಿದ್ದ ಹೆಸರು ಪರಿಸರ ಕಾಳಜಿ. ನಿಜವಾಗಿ ಅದು ಊರ ನೆನಪು ಎಂದು ಈಗ ಅನಿಸುತ್ತದೆ.

ಆ ಚಿತ್ರ ಬರೆದದ್ದು ಐರೋಲಿಯ ದಿವಾ ಕೋಳಿವಾಡದ ಜೆಟ್ಟಿಯಲ್ಲಿ. ಅಂದು ಕಣ್ಣೆದುರು ಇದ್ದದ್ದೆಲ್ಲವನ್ನೂ ಹೇಳುತ್ತೇನೆ. ಕಾಂಡ್ಲಾ, ನೀರು, ಹಕ್ಕಿಗಳು ಇದ್ದವು. ಖಾಡಿಯನ್ನು ದಾಟುವ ಹೈಟೆನ್ಷನ್ ತಂತಿಗಳೂ ಅವುಗಳ ಕಂಬಗಳೂ ಇದ್ದವು. ಆಚೆ ದಡದಲ್ಲಿ ಭಾಂಡುಪ್, ಮುಲುಂಡಿನ ಗೋಪುರ ಕಟ್ಟಡಗಳು. ಬೇರುಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕು, ಒಂದು ಚಪ್ಪಲಿ, ಗಣಪತಿಯ ಒಂದು ಕೈ. ಪಕ್ಕದಲ್ಲೇ ಎರಡು ದೋಣಿ, ಒಣಗಲು ಹಾಕಿದ ಬಲೆ, ಬಲೆಯ ತೂತು ಹೊಲಿಯುತ್ತ ಕೂತ ಒಬ್ಬ ವಯಸ್ಸಾದ ಮೀನುಗಾರ. ಇದರಲ್ಲಿ ಮೊದಲ ಮೂರನ್ನು ಬಿಟ್ಟು ಉಳಿದದ್ದು ಯಾವುದೂ ನನ್ನ ಚಿತ್ರದಲ್ಲಿ ಇರಲಿಲ್ಲ. ಅವು ಇದ್ದ ಕಡೆಗೆಲ್ಲ ಒದ್ದೆ ಕುಂಚ ಆಡಿಸಿ ಮಂಜು ಮಾಡಿದ್ದೆ.

ಆ ಮುದುಕ ಎದ್ದು ಬಂದು ನನ್ನ ಹೆಗಲ ಮೇಲಿಂದ ನೋಡಿ, "ಮಾಝೀ ಹೋಡೀ ಕುಠೆ?" ಎಂದು ಕೇಳಿದ್ದರು. ನನ್ನ ದೋಣಿ ಎಲ್ಲಿ? ನಾನು ನಕ್ಕು, ಇದು ನಿಸರ್ಗದ ಚಿತ್ರ ಕಾಕಾ, ಎಂದಿದ್ದೆ. ಅವರೂ ನಕ್ಕು ಬಲೆಯ ಬಳಿಗೆ ಹೋದರು. ಆ ಪ್ರಶ್ನೆ ಎರಡು ವರ್ಷ ಎಲ್ಲೋ ಕೂತಿದ್ದು, ಬ್ರೋಷರು ನೋಡಿದ ದಿನ ಎದ್ದು ಬಂತು. ಅವರ ದೋಣಿಯೊಂದು ಚಿತ್ರದಲ್ಲಿ ಇದ್ದಿದ್ದರೆ ಬಿಲ್ಡರು ಅದನ್ನು ಕೊಳ್ಳುತ್ತಿರಲಿಲ್ಲ. ಬಲೆ ಒಣಗುವ ದಂಡೆಯನ್ನು ಯಾರೂ 'ವ್ಯೂ' ಎಂದು ಮಾರುವುದಿಲ್ಲ. ಮಾರಲು ಬೇಕಾದದ್ದು ಯಾರದೂ ಅಲ್ಲದ ದಂಡೆ. ಅದನ್ನು ನಾನು ತಯಾರು ಮಾಡಿ ಕೊಟ್ಟಿದ್ದೆ.

ಇಲ್ಲಿ ನೀವು ಒಂದು ಆಕ್ಷೇಪ ಎತ್ತಬಹುದು. ನನ್ನೊಳಗೂ ಅದು ಎದ್ದಿತ್ತು. ಬಿಡದೆ ಚಿತ್ರ ಬರೆಯುವುದು ಸಾಧ್ಯವೇ? ಉಡುಪಿಯ ಹತ್ತಿರದ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು, ಜೆ. ಜೆ. ಕಲಾಶಾಲೆಯಲ್ಲಿ ಓದಿ, ಅಲ್ಲೇ ಪಾಠವನ್ನೂ ಮಾಡಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ನರ್ತಕಿಯ ಮೈ, ಆಭರಣ, ರಂಗ, ದೀಪ ಎಲ್ಲ ಬಿಟ್ಟು ಕೆಲವೇ ಗೆರೆ ಉಳಿಸಿದರೂ ನರ್ತನ ಹೋಗಲಿಲ್ಲ, ಅದೊಂದೇ ಉಳಿಯಿತು. ಬಿಡುವುದನ್ನು ಕಲಿಯುವುದೇ ಅರ್ಧ ಕಲೆ. ಜಲವರ್ಣದಲ್ಲಂತೂ ಬಿಳಿ ಬಣ್ಣವಿಲ್ಲ ಎಂದೇ ಕಲಿಸುತ್ತಾರೆ. ಬಿಳಿ ಬೇಕಾದ ಕಡೆ ಕಾಗದವನ್ನು ಮುಟ್ಟದೆ ಬಿಡಬೇಕು. ಖಾಡಿಯ ನೀರಿನ ಮೇಲಿನ ಹೊಳಪು ನಾನು ಬಳಿದದ್ದಲ್ಲ, ಬಿಟ್ಟದ್ದು.

ನಮ್ಮ ಭಾಷೆಯಲ್ಲಿ 'ಬಿಡು' ಎಂಬುದು ಒಂದೇ ಪದ, ಆದರೆ ಅದು ಎರಡು ದಿಕ್ಕಿಗೆ ಹೋಗುತ್ತದೆ. ಕೈಬಿಡುವುದೂ ಬಿಡುವುದೇ. ಹಕ್ಕಿಗೆಂದು ನಾಲ್ಕು ತೆನೆ ಬಿಡುವುದೂ, ದೇವರಿಗೆಂದು ಒಂದು ಬನ ಬಿಡುವುದೂ ಬಿಡುವುದೇ. ಒಂದರಲ್ಲಿ ಎದುರಿಗಿರುವುದು ನಮಗೆ ಬೇಡ. ಇನ್ನೊಂದರಲ್ಲಿ ಅದು ಬೇರೆಯವರದೆಂದು ಗೊತ್ತಿದ್ದು ನಾವು ಕೈ ಹಿಂದೆ ತೆಗೆದುಕೊಳ್ಳುತ್ತೇವೆ. ಹೆಬ್ಬಾರರು ಬಿಟ್ಟದ್ದು ನರ್ತಕಿಯನ್ನು ತೋರಿಸುವುದಕ್ಕೆ. ನಾನು ದೋಣಿಯನ್ನು ಬಿಟ್ಟದ್ದು ನನ್ನ ಊರಿನ ಕನಸು ಕದಡಬಾರದೆಂಬುದಕ್ಕೆ. ಕಾಗದದ ಮೇಲೆ ಎರಡೂ ಖಾಲಿ ಜಾಗವಾಗಿ ಕಾಣುತ್ತವೆ. ವ್ಯತ್ಯಾಸ ಇರುವುದು, ಬಿಡುವ ಮೊದಲು ನಾವು ಅದನ್ನು ನೋಡಿದ್ದೆವೇ ಎಂಬುದರಲ್ಲಿ.

ಇದು ಬರೀ ಚಿತ್ರಕಾರರ ತಲೆನೋವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಾವು ವಲಸೆ ಬಂದವರೆಲ್ಲ ಒಂದು ಮಾತು ಕೇಳಿದ್ದೇವೆ, ಆಡಿಯೂ ಇದ್ದೇವೆ: "ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ." ವಾಶಿಯಲ್ಲಿ ಏನೂ ಇರಲಿಲ್ಲ, ನೆರೂಳದಲ್ಲಿ ಏನೂ ಇರಲಿಲ್ಲ, ಖಾರ್‌ಘರ್ ಬರೀ ಗುಡ್ಡ. ಆದರೆ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರೂ 1965ರಲ್ಲಿ 'ಮಾರ್ಗ್' ಪತ್ರಿಕೆಯಲ್ಲಿ ಖಾಡಿಯ ಆಚೆ ಹೊಸ ನಗರದ ಕಲ್ಪನೆ ಮುಂದಿಟ್ಟು, 1970ರಲ್ಲಿ ಸಿಡ್ಕೊ ಹುಟ್ಟಿದಾಗ, ಆ ನಗರಕ್ಕೆಂದು ಗುರುತಿಸಿದ 344 ಚದರ ಕಿಲೋಮೀಟರಿನಲ್ಲಿ 95 ಹಳ್ಳಿಗಳಿದ್ದವು. ಆಗ್ರಿಗಳ ಭತ್ತದ ಗದ್ದೆ, ಉಪ್ಪಿನ ಆಗರ, ಕೋಳಿಗಳ ಮೀನುಗಾರಿಕೆ ಇದ್ದವು. ಭೂಮಿಗೆ ನ್ಯಾಯವಾದ ಪರಿಹಾರ ಕೇಳಿ ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ನಡೆದ ಹೋರಾಟದಲ್ಲಿ, 1984ರ ಜನವರಿಯಲ್ಲಿ ಜಾಸಯಿಯ ಬಳಿ ಪೊಲೀಸರ ಗುಂಡಿಗೆ ಐವರು ಸತ್ತರು. ಏನೂ ಇಲ್ಲದ ಜಾಗಕ್ಕಾಗಿ ಯಾರೂ ಗುಂಡಿಗೆ ಎದೆ ಕೊಡುವುದಿಲ್ಲ. 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಹೊಸ ವಿಮಾನ ನಿಲ್ದಾಣಕ್ಕೂ ಉಲ್ವೆಯ ಗುಡ್ಡ ಕಡಿದು, ನದಿಯ ಪಾತ್ರ ತಿರುಗಿಸಿ, ಹಳ್ಳಿಗಳನ್ನು ಎಬ್ಬಿಸಿಯೇ ನೆಲ ಸಮತಟ್ಟಾಯಿತು.

ನಾನು ದೋಣಿಯ ಮೇಲೆ ಮಂಜು ಬಳಿದ ಕೈಗೂ "ಏನೂ ಇರಲಿಲ್ಲ" ಎನ್ನುವ ಬಾಯಿಗೂ ನಂಟಿದೆ ಎಂಬುದು ನನ್ನ ಮಾತು. ಸುಂದರವಾದ ನಿರ್ಜನ ದೃಶ್ಯಗಳನ್ನು ನೋಡಿ ನೋಡಿ ನಮ್ಮ ಕಣ್ಣು ನಿರ್ಜನತೆಯನ್ನೇ ನಿಸರ್ಗ ಎಂದು ತಿಳಿಯುತ್ತದೆ. ನಿರ್ಜನ ಎಂದ ಮೇಲೆ ಅದನ್ನು ಕೇಳಲು ಯಾರ ಅಪ್ಪಣೆಯೂ ಬೇಕಾಗುವುದಿಲ್ಲ. ಹೇಳುವ ನಾನೂ ಹೊರಗಿನವನಲ್ಲ. ಡೊಂಬಿವಿಲಿಯಲ್ಲಿ ನಮ್ಮ ಕಟ್ಟಡ ನಿಂತ ಜಾಗ ನಲವತ್ತು ವರ್ಷ ಹಿಂದೆ ಗದ್ದೆಯಾಗಿತ್ತಂತೆ. ನಮ್ಮ ಸೊಸೈಟಿಯ ಕಾಗದಗಳಲ್ಲಿ ಅದರ ಸುದ್ದಿ ಇಲ್ಲ.

ಹಾಗೆಂದು ನಿಸರ್ಗದ ಚಿತ್ರಗಳಿಂದ ಉಪಕಾರವೇ ಆಗಿಲ್ಲ ಎನ್ನಲಾರೆ. ಥಾಮಸ್ ಮೋರಾನ್ ಎಂಬ ಚಿತ್ರಕಾರ 1871ರಲ್ಲಿ ಸರ್ವೇ ತಂಡವೊಂದರ ಜೊತೆ ಅಮೆರಿಕದ ಯೆಲ್ಲೋಸ್ಟೋನ್ ಪ್ರದೇಶಕ್ಕೆ ಹೋಗಿ ಜಲವರ್ಣಗಳನ್ನು ಬರೆದ. ವಿಲಿಯಂ ಹೆನ್ರಿ ಜಾಕ್ಸನ್ ತೆಗೆದ ಫೋಟೋಗಳ ಜೊತೆ ಆ ಚಿತ್ರಗಳೂ ಅಲ್ಲಿನ ಸಂಸತ್ತಿನ ಮನ ಒಲಿಸಲು ನೆರವಾದವು. 1872ರ ಮಾರ್ಚಿಯಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕಾಡು ಉಳಿಯಿತು. ಆದರೆ ಆ ಕಣಿವೆಗಳಲ್ಲಿ ತಲೆಮಾರುಗಳಿಂದ ಬದುಕಿದ್ದ ಶೋಶೋನಿ ಮುಂತಾದ ಮೂಲನಿವಾಸಿಗಳನ್ನು ಮುಂದಿನ ವರ್ಷಗಳಲ್ಲಿ ಹೊರಗೆ ಅಟ್ಟಲಾಯಿತು. ಉಳಿಸಬೇಕಾದ ಚಿತ್ರದಲ್ಲಿ ಅವರಿಗೆ ಜಾಗವಿರಲಿಲ್ಲ.

ನಮ್ಮಲ್ಲಿ ರುಮಾಲೆ ಚನ್ನಬಸವಯ್ಯ ಇದ್ದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು, ಗಾಂಧಿಯ ದಾರಿಯವರು. ಬೆಂಗಳೂರಿನ ಬೀದಿಗಳಲ್ಲಿ ಕೂತು ಹೂಬಿಟ್ಟ ಮರಗಳನ್ನು ಬರೆದರು. ಅವರು ತೀರಿಕೊಂಡದ್ದು 1988ರಲ್ಲಿ. ಅಂಥ ಎಷ್ಟೋ ಸಾಲುಮರಗಳು ರಸ್ತೆ ಅಗಲವಾಗುವಾಗ ಹೋದವು, ಚಿತ್ರಗಳು ಉಳಿದವು. ಅವು ಮರಗಳನ್ನು ಉಳಿಸಲಿಲ್ಲ, ನಿಜ. ಆದರೆ ಅವು ಸಾಕ್ಷಿ ಹೇಳುತ್ತವೆ: ಇಲ್ಲಿ ಇಂಥದ್ದೊಂದು ಇತ್ತು, ಊರಿನ ನಡುವೆ, ಜನ ಓಡಾಡುವ ಬೀದಿಯಲ್ಲೇ ಇತ್ತು. ಮುಂದೆ ಯಾರಾದರೂ "ಏನೂ ಇರಲಿಲ್ಲ" ಎಂದರೆ ಆ ಚಿತ್ರ ಒಪ್ಪುವುದಿಲ್ಲ. ಬಿಲ್ಡರನ ಕೈಗೆ ಹೋದ ನನ್ನ ಚಿತ್ರ ಆ ಸಾಕ್ಷಿಯನ್ನು ಹೇಳಲಾರದು.

ಇನ್ನೊಂದು ದಾರಿ ಇದೆ, ನಮ್ಮ ಗುಂಪಿನ ಒಬ್ಬ ಹುಡುಗಿ ಹೇಳಿದ್ದು. "ಹಾಗಾದರೆ ಕೊಳಕನ್ನೇ ಬರೆಯಿರಿ. ಡೊಂಬಿವಿಲಿಯವರಿಗೆ ಬಣ್ಣಕ್ಕೆ ಬರವೇ?" ನಗು ಬಂತು. 2014ರ ಜನವರಿಯಲ್ಲಿ ನಮ್ಮ ಡೊಂಬಿವಿಲಿಯಲ್ಲಿ ಹಸಿರು ಮಳೆ ಬಿತ್ತೆಂದು ಪತ್ರಿಕೆಗಳಲ್ಲಿ ಬಂದಿತ್ತು. 2020ರ ಫೆಬ್ರವರಿಯಲ್ಲಿ ಎಂಐಡಿಸಿಯ ಒಂದು ರಸ್ತೆ ಗುಲಾಬಿಯಾಗಿ, ಮುಖ್ಯಮಂತ್ರಿಯೇ ನೋಡಲು ಬಂದರು. ನಾನೂ ಒಂದಷ್ಟು ದಿನ ನಾಲೆ, ಕಸ, ಕೊಳವೆಗಳನ್ನೇ ಬರೆದೆ. ಆಶ್ಚರ್ಯವೆಂದರೆ ಅವೂ ಚೆಂದ ಕಂಡವು! ಗುಲಾಬಿ ರಸ್ತೆಯ ಮೇಲೆ ಸಂಜೆ ಬಿಸಿಲು ಬಿದ್ದರೆ ಬಣ್ಣದ ಪೆಟ್ಟಿಗೆಗೆ ಹಬ್ಬ. ಮೋನೆ ಲಂಡನ್ನಿನ ಥೇಮ್ಸ್ ನದಿಯನ್ನು ಬರೆದ ಮಂಜಿನ ಚಿತ್ರಗಳನ್ನು ನೀವು ಕ್ಯಾಲೆಂಡರುಗಳಲ್ಲಿ ಕಂಡಿರಬಹುದು. ಟರ್ನರ್ ಮತ್ತು ಮೋನೆಯ ಸುಮಾರು ನೂರು ಚಿತ್ರಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಆ ಚಿತ್ರಗಳು ಮಸುಕಾಗುತ್ತ ಹೋದದ್ದಕ್ಕೂ ಕಲ್ಲಿದ್ದಲ ಹೊಗೆ ಹೆಚ್ಚುತ್ತ ಹೋದದ್ದಕ್ಕೂ ತಾಳೆ ಇದೆ ಎಂದು ತೋರಿಸಿತು. ಜನರ ಎದೆ ಕಟ್ಟಿಸಿದ ಹೊಗೆ ಕ್ಯಾನ್‌ವಾಸಿನ ಮೇಲೆ ಮೋಹಕವಾಯಿತು. ಅಂದರೆ ಕೊಳಕನ್ನು ಬರೆದ ಮಾತ್ರಕ್ಕೆ ಸತ್ಯ ಹೇಳಿದಂತಲ್ಲ. ಚೆಲುವು ಎರಡು ಕಡೆಯೂ ಜಾರುತ್ತದೆ.

ಫ್ಲೆಮಿಂಗೊಗಳ ಕತೆಯನ್ನೇ ನೋಡಿ. ಈ ಹಕ್ಕಿಗಳು ಠಾಣೆ ಖಾಡಿಗೆ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1990ರ ದಶಕದಿಂದ. ಖಾಡಿಗೆ ಸೇರುವ ನಮ್ಮ ನಗರಗಳ ಕೊಳಚೆಯಿಂದ ಪಾಚಿ ಸೊಂಪಾಗಿ ಬೆಳೆದದ್ದೂ ಅದಕ್ಕೆ ಒಂದು ಕಾರಣ ಎಂದು ಪಕ್ಷಿತಜ್ಞರು ಹೇಳುತ್ತಾರೆ. ಅವುಗಳ ರೆಕ್ಕೆಯ ಗುಲಾಬಿ ಆ ಆಹಾರದಿಂದಲೇ ಬರುವುದು. ನಾನು ಶುದ್ಧ ನಿಸರ್ಗವೆಂದು ಬರೆದ ಆ ಗುಲಾಬಿ ಗೆರೆಯಲ್ಲಿ ನಮ್ಮ ಮನೆಯ ಮೋರಿಯ ಪಾಲೂ ಇತ್ತು. 2015ರಲ್ಲಿ ಈ ಖಾಡಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ನವಿ ಮುಂಬಯಿ ತನ್ನನ್ನು ಫ್ಲೆಮಿಂಗೊ ನಗರವೆಂದು ಕರೆದುಕೊಂಡಿತು. ಗೋಡೆಗಳ ಮೇಲೆ, ಫ್ಲೈಓವರಿನ ಕೆಳಗೆ, ಸರ್ಕಲ್ಲುಗಳಲ್ಲಿ ಫ್ಲೆಮಿಂಗೊ. 2024ರ ಏಪ್ರಿಲಿನಲ್ಲಿ ನೆರೂಳ–ಸೀವುಡ್ಸ್ ಕಡೆಯ ಕೆರೆಯೊಂದರ ಬಳಿ ಹಕ್ಕಿಗಳು ಸತ್ತು ಬಿದ್ದವು. ಭರತದ ನೀರು ಕೆರೆಗೆ ಬರುವ ದಾರಿ ಮುಚ್ಚಿಹೋಗಿದೆ ಎಂದು ಪರಿಸರ ಕಾರ್ಯಕರ್ತರು ದೂರಿದರು. ಮೇ 20ರ ರಾತ್ರಿ ಘಾಟ್‌ಕೋಪರಿನ ಪಂತ್‌ನಗರದ ಸುತ್ತ, ಇಳಿಯುತ್ತಿದ್ದ ವಿಮಾನಕ್ಕೆ ಬಡಿದು 39 ಫ್ಲೆಮಿಂಗೊಗಳು ಸತ್ತವು. ಗೋಡೆಯ ಮೇಲಿನವು ಮಾತ್ರ ಕ್ಷೇಮವಾಗಿದ್ದವು. ಚಿತ್ರ ಹಕ್ಕಿಯನ್ನು ನೆನಪಿಸಬೇಕಿತ್ತು. ಬದಲಾಗಿ ಹಕ್ಕಿ ಇದೆ ಎಂಬ ಸಮಾಧಾನವನ್ನು ಕೊಡುತ್ತಿದೆಯೇ ಎಂದು ಆ ದಾರಿಯಲ್ಲಿ ಹೋಗುವಾಗಲೆಲ್ಲ ಅನಿಸುತ್ತದೆ.

ಹಾಗಾದರೆ ಬರೆಯುವುದು ಹೇಗೆ? ಈ ಪ್ರಶ್ನೆ ಹೊತ್ತುಕೊಂಡು ಸಂಕ್ರಾಂತಿಗೆ ಊರಿಗೆ ಹೋದೆ. ಅಘನಾಶಿನಿ ಅಳಿವೆಯೂ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಆದರೆ ನಮ್ಮ ಅಮ್ಮಮ್ಮನಿಗೆ ಅದು ಎಂದೂ ದೃಶ್ಯವಾಗಿರಲಿಲ್ಲ. ಇಳಿತದ ಹೊತ್ತಿಗೆ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು ಬಳಚು ಆರಿಸುವ ಹೆಂಗಸರು, ಗಜನಿಯ ಉಪ್ಪು ನೀರಿನಲ್ಲೂ ನಿಲ್ಲುವ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪು, ಇವೆಲ್ಲ ಅವಳ ದಿನಚರಿ. ಯಾವ ತಿಥಿಗೆ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಅವಳಿಗೆ ಪಂಚಾಂಗ ನೋಡದೆ ಗೊತ್ತಿತ್ತು. ಹಿಂದೆ ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಎದುರು ನಿಂತವರಲ್ಲಿ ಆ ನೀರಿನಿಂದ ಅನ್ನ ಉಣ್ಣುವವರಿದ್ದರು. ಅಳಿವೆ ಚೆಂದವಾಗಿದೆ ಎಂಬುದು ಅವರ ವಾದವಾಗಿರಲಿಲ್ಲ. ಅಳಿವೆ ತಮ್ಮ ಅನ್ನ ಎಂಬುದು ಅವರ ವಾದ.

ಅಲ್ಲಿ ಕೂತು ನನಗೆ ತಿಳಿದದ್ದು ಇಷ್ಟು. ಚಿತ್ರಕಾರ ಎಲ್ಲವನ್ನೂ ತುಂಬಬೇಕಾಗಿಲ್ಲ, ಘೋಷಣೆಯನ್ನೂ ಬರೆಯಬೇಕಾಗಿಲ್ಲ. ಆದರೆ ಒಂದು ಜಾಗವನ್ನು ಪ್ರೀತಿಸುತ್ತೇನೆ ಎನ್ನುವವನು ಅದರ ಜೊತೆ ಯಾರ ಯಾರ ಋಣ ಕಟ್ಟಿಕೊಂಡಿದೆ ಎಂದು ವಿಚಾರಿಸದೆ ಅವರನ್ನು ಕಾಗದದಿಂದ ಎಬ್ಬಿಸಬಾರದು. ವಿಚಾರಿಸಿದ ಮೇಲೂ ಬಿಡಬಹುದು. ಆಗ ಏನು ಬಿಟ್ಟೆನೆಂದು ಅವನಿಗೆ ಗೊತ್ತಿರುತ್ತದೆ, ಕೇಳಿದವರಿಗೆ ಹೇಳಬಲ್ಲ. "ನನ್ನ ದೋಣಿ ಎಲ್ಲಿ" ಎಂದು ಯಾರಾದರೂ ಕೇಳಿದರೆ ನಕ್ಕು ಜಾರಿಕೊಳ್ಳುವ ಪ್ರಸಂಗ ಬಾರದು. ಇದರಿಂದ ಖಾಡಿ ಉಳಿಯುತ್ತದೆ ಎಂದು ನಾನು ಹೇಳಲಾರೆ. ಮುಂಬಯಿ ಹೈಕೋರ್ಟು ಕಾಂಡ್ಲಾ ಕಾಡು ಕಡಿಯಬಾರದೆಂದು 2005ರಿಂದಲೂ ಹೇಳುತ್ತ ಬಂದಿದೆ. ಉಳಿಸುವ ಕೆಲಸ ಅಂಥ ಕಡೆ, ಅರ್ಜಿ ಹಾಕುವವರಿಂದ, ದಂಡೆ ಕಾಯುವವರಿಂದ ಆಗಬೇಕು. ಚಿತ್ರದಿಂದ ಆಗಬಹುದಾದದ್ದು, ನೋಡುವವರ ಕಣ್ಣು ನಿರ್ಜನತೆಯ ಚಟಕ್ಕೆ ಬೀಳದಂತೆ ಮಾಡುವುದು.

ಫೆಬ್ರವರಿಯಲ್ಲಿ ಅದೇ ಜೆಟ್ಟಿಗೆ ಹೋಗಿ ಎರಡು ಭಾನುವಾರ ಕೂತು ಹೊಸ ಚಿತ್ರ ಬರೆದೆ. ತಂತಿಕಂಬ ಬಂತು, ಗೋಪುರಗಳು ಬಂದವು, ದೋಣಿ ಮುಂದೆಯೇ ಬಂತು. ನೀರಿನ ಹೊಳಪಿಗೆ ಮಾತ್ರ ಕಾಗದ ಬಿಟ್ಟೆ. ಮುಗಿಸಿದ ದಿನ ಕಾಕಾನನ್ನು ಕರೆದು ತೋರಿಸಿದೆ. ಮೆಚ್ಚುಗೆಗೆ ಕಾಯುತ್ತಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಅವರು ಬಹಳ ಹೊತ್ತು ನೋಡಿದರು. ದೋಣಿ ಸರಿ ಇದೆ ಎಂದರು. ಆಮೇಲೆ ಬೆರಳಿಟ್ಟು ತೋರಿಸಿ ಹೇಳಿದರು: ನೀರು ಜೆಟ್ಟಿಯ ಈ ಕಲ್ಲಿನವರೆಗೆ ಏರಿದಾಗ ಹಕ್ಕಿಗಳು ಇಲ್ಲಿ ಇರುವುದಿಲ್ಲ. ಕೆಸರು ಮುಳುಗಿದ ಮೇಲೆ ಅವು ನಿಲ್ಲುವುದೆಲ್ಲಿ? ನೀನು ಒಂದು ಭಾನುವಾರದ ನೀರಿಗೆ ಇನ್ನೊಂದು ಭಾನುವಾರದ ಹಕ್ಕಿ ಸೇರಿಸಿದ್ದೀಯ.

ನಿಜವೇ ಆಗಿತ್ತು. ಮೊದಲ ಚಿತ್ರದಲ್ಲೂ ಅದೇ ತಪ್ಪಿತ್ತು, ಬ್ರೋಷರಿನಲ್ಲಿ ಅಚ್ಚಾಗಿಯೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನೀರು ಏರಿದಾಗ ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. ಅವರು ದಕ್ಷಿಣಕ್ಕೆ, ನೆರೂಳದ ಕಡೆಗೆ ಕೈ ತೋರಿಸಿದರು. ಅಲ್ಲಿನ ಕೆರೆಗಳಿಗೆ, ತಗ್ಗು ಜಾಗಗಳಿಗೆ. ಇಳಿತ ಬರುವವರೆಗೆ ಅಲ್ಲಿ ನಿಂತಿದ್ದು ವಾಪಸು ಬರುತ್ತವೆ.

ನನ್ನ ಕಾಗದ ಅಷ್ಟು ದೂರ ಹೋಗುವುದಿಲ್ಲ. ಅದರ ಅಂಚು ತಂತಿಕಂಬದ ಪಕ್ಕದಲ್ಲೇ ಮುಗಿಯುತ್ತದೆ. ಮುಂದಿನ ಹುಣ್ಣಿಮೆಗೆ, ನೀರು ಪೂರ್ತಿ ಏರುವ ಹೊತ್ತಿಗೆ, ನೆರೂಳದ ಕೆರೆಯ ದಂಡೆಗೆ ಹೋಗಿ ಕೂರಬೇಕೆಂದಿದ್ದೇನೆ. ಮೊದಲ ದಿನ ಬಣ್ಣದ ಪೆಟ್ಟಿಗೆ ಒಯ್ಯುವುದಿಲ್ಲ.